ಮೂವತ್ತೊಂದನೆಯ ಬಟ್ಟಲು

ಹದಿನೇಳನೆಯ ಬಟ್ಟಲಿನ ಪುಡಿಯನ್ನು ಚಿಟಿಕೆಯಷ್ಟು ತೆಗೆದು ಬಿಳಿಯ ಕಾಗದದ ಮೇಲಿಟ್ಟು, ತೋರುಬೆರಳಿನಿಂದ ಒತ್ತಿ ಅವಳು ಒಂದೇ ಎಳೆತಕ್ಕೆ ಗೀಟೆಳೆದಳು. ಗೀಟು ಗೇಣುದ್ದ ಹೋಯಿತು. ಆಗ ತಾನೇ ಚಿಗುರಿದ ಹುಲ್ಲಿನ ಹಸಿರು, ನಡುವೆ ಎಲ್ಲೂ ತುಂಡಾಗಲಿಲ್ಲ. ಕೊನೆಯಲ್ಲಿ ಮಾತ್ರ ನಾಲ್ಕೈದು ದಪ್ಪ ಕಣಗಳು ಉಳಿದು, ದಾರಿ ತಪ್ಪಿದ ಇರುವೆಗಳ ಹಾಗೆ ಸಾಲಾಗಿ ನಿಂತವು.

ಅವಳ ಬೆರಳು ಅಲ್ಲೇ ನಿಂತಿತು.

"ಏನಾಯ್ತು ಮೆಣಸಿನಕಾಯಿ? ಬೆರಳು ಕಾಗದಕ್ಕೆ ಅಂಟ್ಕೊಂಡ್ತಾ?" ಎಂದ ಮೇಜಿನ ಆ ಬದಿಯಿಂದ ಮೂಗಪ್ಪ.

"ನಿನ್ನ ಕೆಲಸ ನೀನು ನೋಡು."

"ನನ್ನ ಕೆಲಸ ನಿನ್ನ ಹಿಂದೆ ಬರೋದೇ ತಾನೆ. ನೀನು ನಿಂತ್ರೆ ನಾನೂ ನಿಲ್ಬೇಕು."

ಮೆಣಸಿನಕಾಯಿ ಎನ್ನುವುದು ಅವಳಿಗೆ ಈ ಕಟ್ಟಡದಲ್ಲಿ ಬಿದ್ದ ಹೆಸರು. ಐವತ್ತೆರಡು ವಯಸ್ಸು, ಕೋಪ ಮೂಗಿನ ತುದಿಯಲ್ಲಿ. ಮೂಗಪ್ಪನಿಗೆ ಮೂಗಿನ ತುದಿಯಲ್ಲಿ ಕೋಪವಿಲ್ಲ, ಬರೀ ಮೂಗಿದೆ. ಅದೂ ಎರಡಾಳಿಗೆ ಸಾಕಾಗುವಷ್ಟು. ಹನ್ನೆರಡು ವರ್ಷದಿಂದ ಇಬ್ಬರೂ ಈ ಮೇಜಿನ ಎದುರುಬದುರು ನಿಂತು ಚಹಾಕ್ಕೆ ದರ್ಜೆ ಕೊಡುತ್ತಿದ್ದಾರೆ.

ಕೋಣೆಗೆ ಒಂದೇ ಕಿಟಕಿ, ನೇರ ಬಿಸಿಲು ಬೀಳದ ಕಡೆಗೆ. ಗೋಡೆ ಬಿಳಿ, ಮೇಜು ಕಪ್ಪು, ಮೇಲೆ ನಲವತ್ತು ಬಿಳಿಯ ಬಟ್ಟಲು. ಪ್ರತಿ ಬಟ್ಟಲಿನ ಮುಂದೆ ಒಂದು ಸಂಖ್ಯೆ, ಅಷ್ಟೇ. ಯಾರ ಪುಡಿ ಎನ್ನುವ ಚೀಟಿ ಲಕೋಟೆಯೊಳಗೆ, ಲಕೋಟೆ ಚೀಟಿಯಮ್ಮನ ಬೀರುವಿನೊಳಗೆ, ಬೀರುವಿನ ಬೀಗದಕೈ ಚೀಟಿಯಮ್ಮನ ಕೊರಳಿನಲ್ಲಿ. ಆಕೆ ಮೊದಲ ಅಂತಸ್ತಿನ ಗುಮಾಸ್ತೆ. ಸ್ನಾನಕ್ಕೂ ಆ ಬೀಗದಕೈ ತೆಗೆಯುವುದಿಲ್ಲ ಎಂದು ಪ್ರತೀತಿ.

ಮೂರು ವಾರ ನೆರಳಿನಲ್ಲಿ ಮುಚ್ಚಿಟ್ಟ ಗಿಡದ ಎಲೆ ಕಿತ್ತು, ಹಬೆಯಲ್ಲಿ ಬೇಯಿಸಿ, ಒಣಗಿಸಿ, ದಂಟು ನಾರು ತೆಗೆದು, ಹಿಟ್ಟಿಗಿಂತ ನುಣ್ಣಗೆ ಬೀಸಿದರೆ ಅದು ಮಾಚಾ. ಬೇರೆ ಚಹಾದ ಹಾಗೆ ಇದನ್ನು ಸೋಸುವುದಿಲ್ಲ. ಎಲೆಯನ್ನೇ ಕುಡಿಯುವುದು. ಹಾಗಾಗಿ ಬೆಳೆದವನ ತಪ್ಪು, ಬೀಸಿದವನ ತಪ್ಪು ಎರಡೂ ಕುಡಿಯುವವನ ಹೊಟ್ಟೆಗೆ ಹೋಗುತ್ತವೆ. ಡಬ್ಬದ ಮೇಲೆ ಯಾರು ಬೇಕಾದರೂ 'ಅತ್ಯುತ್ತಮ' ಎಂದು ಬರೆದುಕೊಳ್ಳಬಹುದು, ಕೇಳುವವರಿಲ್ಲ. ಆ ಕಾಟಕ್ಕೇ ಬೆಳೆಗಾರರ ಸಂಘ ಈ ಕೋಣೆ ಮಾಡಿಸಿತ್ತು. ಇಲ್ಲಿ ಮೂರೇ ದರ್ಜೆ. ಮೊದಲನೆಯದು ಏನೂ ಬೆರೆಸದೆ ಹಾಗೇ ಕುಡಿಯುವಂಥದ್ದು. ಎರಡನೆಯದು ದಿನಬಳಕೆಗೆ. ಮೂರನೆಯದು ಅಡುಗೆಗೆ, ಹಾಲಿಗೋ ಕೇಕಿಗೋ ಹಾಕಿ ಸಕ್ಕರೆಯಿಂದ ಅದರ ಮಾನ ಮುಚ್ಚುವುದು.

ನಾಲ್ಕೈದು ಕಣಗಳ ಆ ಬಾಲವನ್ನು ಅವಳು ವರ್ಷಕ್ಕೊಮ್ಮೆ ಕಾಯುತ್ತಿದ್ದಳು.

ಅದು ಅವಳ ಅಪ್ಪನ ಬೀಸುವ ಕಲ್ಲಿನ ಗುರುತು. ಮೇಲುಕಲ್ಲಿನ ಅಂಚಿನಲ್ಲಿ ಉಗುರಿನಷ್ಟು ಜಾಗ ಎಗರಿಹೋಗಿದೆ. ತೊಳೆಯುವಾಗ ಕೈಜಾರಿಸಿದ್ದು ಇವಳು, ಒಂಬತ್ತನೆಯ ವಯಸ್ಸಿನಲ್ಲಿ, ಬೈಸಿಕೊಂಡದ್ದು ಅಕ್ಕ. ಆ ಸಂದಿನಿಂದ ಪ್ರತಿ ಸುತ್ತಿಗೂ ಒಂದೆರಡು ಕಣ ನುಣ್ಣಗಾಗದೆ ಜಾರುತ್ತವೆ. ಅಪ್ಪ ಹೋದ ಮೇಲೆ ಕಲ್ಲು, ತೋಟ, ನೆರಳಿನ ಪರದೆ ಎಲ್ಲ ಅಕ್ಕನ ಪಾಲಿಗೆ. ಇವಳ ಪಾಲಿಗೆ ನಾಲಿಗೆ.

ಇವಳು ಪರೀಕ್ಷಕಿಯಾದ ಮೊದಲ ವರ್ಷ ನಡೆದದ್ದು ಇಷ್ಟು. ಬಾಲದ ಅರ್ಥ ಆಗಿನ್ನೂ ಹೊಳೆದಿರದೆ, ಯಾವುದೋ ಬಟ್ಟಲಿಗೆ ಮೂರನೆಯ ದರ್ಜೆ ಕೊಟ್ಟು, ಷರಾ ಬರೆಯುವ ಜಾಗದಲ್ಲಿ 'ಕಲ್ಲು ಕಾದಿದೆ. ಆತುರ' ಎಂದು ಬರೆದಳು. ಲಕೋಟೆ ಒಡೆದಾಗ ಅದು ಅಕ್ಕನ ಪುಡಿ. ಆ ವರ್ಷ ಅಕ್ಕನ ಗಂಡ ತೀರಿಕೊಂಡು ತಿಂಗಳಾಗಿತ್ತು. ಒಬ್ಬಳೇ ಕಿತ್ತು ಒಬ್ಬಳೇ ಬೀಸಿ, ದಿನ ತಪ್ಪಬಾರದೆಂದು ಕಲ್ಲನ್ನು ಜೋರಾಗಿ ತಿರುಗಿಸಿದ್ದಳು. ಅಕ್ಕ ಚೀಟಿ ಹಿಡಿದು ಇದೇ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಕೇಳಿದ್ದಳು: "ಕುದಿಯೋ ನೀರು ಸುರಿದ್ರೆ ಯಾರ ಚಹಾ ತಾನೇ ಕಹಿಯಾಗಲ್ಲ?"

"ಪರೀಕ್ಷೆಗೆ ಕುದಿಯೋ ನೀರೇ ಹಾಕೋದು. ತಪ್ಪು ಎದ್ದು ಕಾಣ್ಬೇಕು ಅಂತ."

"ನಂದು ಅಂತ ಗೊತ್ತಿದ್ರೂ ಹಾಗೇ ಬರೀತಿದ್ಯಾ?"

"ಹಾಗೇ ಬರೀತಿದ್ದೆ."

ದರ್ಜೆಯನ್ನು ಅಕ್ಕ ಮರೆತಾಳು, ಈ ಮಾತನ್ನು ಮರೆಯಲಿಲ್ಲ. ಆಮೇಲೆ ಹನ್ನೊಂದು ವರ್ಷ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಿಲ್ಲ. ಮನೆತನವೇ ಅಂಥದ್ದು. ಬಾಯಿಗೆ ಬೀಗವಿಲ್ಲ, ಒಮ್ಮೆ ಬಿದ್ದರೆ ಬೀಗದಕೈ ಸಿಗುವುದಿಲ್ಲ.

ಆದರೆ ಪುಡಿ ಬರುತ್ತಿತ್ತು. ಪ್ರತಿ ವರ್ಷ ನಲವತ್ತರಲ್ಲಿ ಯಾವುದೋ ಒಂದು ಬಟ್ಟಲಿನಲ್ಲಿ, ಹೆಸರಿಲ್ಲದೆ, ಕೊನೆಯಲ್ಲಿ ಬಾಲವಿಟ್ಟುಕೊಂಡು. ಆ ಕಣಗಳಿಂದಾಗಿ ಅದಕ್ಕೆ ಎರಡನೆಯ ದರ್ಜೆಗಿಂತ ಮೇಲೆ ಸಲ್ಲದು. ಇವಳು ಎರಡನೆಯದನ್ನೇ ಕೊಡುತ್ತಿದ್ದಳು. ಷರಾ ಮೂರು ನಾಲ್ಕು ಪದ ಮೀರಬಾರದೆಂದು ನಿಯಮ. 'ಎಲೆ ಚೆನ್ನ. ಅಂಚು ನೋಡಿ.' ಮರುವರ್ಷ, 'ನೆರಳು ಸರಿಯಾಗಿದೆ. ಅಂಚು ನೋಡಿ.' ಅದರ ಮರುವರ್ಷವೂ ಅಂಚು ನೋಡಿ. ಅಕ್ಕ ಅಂಚು ನೋಡಲಿಲ್ಲ. ಹಟ. ಆದರೂ ವಸಂತ ಬಂತೆಂದರೆ ಇವಳು ಉಳಿದ ಬಟ್ಟಲುಗಳ ಗೀಟನ್ನು ಬೇಗ ಬೇಗ ಎಳೆದು ಮುಗಿಸಿ, ಬಾಲ ಕಾಣುವವರೆಗೂ ಉಸಿರು ಹಿಡಿದಿರುತ್ತಿದ್ದಳು.

ಈಗ ಕೆಟಲ್ ಎತ್ತಿ ಹದಿನೇಳನೆಯ ಬಟ್ಟಲಿಗೆ ಕುದಿಯುವ ನೀರು ಸುರಿದು ಬಿದಿರಿನ ಪುಟ್ಟ ಕಡೆಗೋಲಿನಿಂದ ಕಡೆದಳು. ನೊರೆ ಸಣ್ಣಗೆ, ಒತ್ತಾಗಿ ಎದ್ದಿತು. ಮೂಗಿಗೆ ಹಿಡಿದಳು. ಬೇಯಿಸಿದ ಹಸಿ ಬಟಾಣಿಯ ವಾಸನೆ, ಅದರ ಹಿಂದೆ ನೆನೆದ ಕಲ್ಲಿನ ತಂಪು. ಬಾಯಿಗೆ ಹಾಕಿಕೊಂಡು ನಾಲಿಗೆಯ ಬದಿಗೆ ತಳ್ಳಿದಳು. ಕುದಿನೀರಿನಲ್ಲೂ ಕಹಿ ಮುಂದೆ ಬರಲಿಲ್ಲ. ಸಿಹಿ ಮೊದಲು ಬಂತು, ಬಾಯಿತುಂಬ ನಿಂತಿತು, ಕಹಿ ಆಮೇಲೆ ತಲೆ ತಗ್ಗಿಸಿಕೊಂಡು ಬಂತು. ಇಷ್ಟು ನಿಧಾನವಾಗಿ ಬೀಸಿದ ಪುಡಿಯನ್ನು ಅವಳು ಅಪ್ಪನ ಕಾಲದಲ್ಲಿ ಮಾತ್ರ ಕುಡಿದಿದ್ದಳು. ಒಂದು ಉಸಿರಿಗೆ ಒಂದು ಸುತ್ತು ಎನ್ನುತ್ತಿದ್ದ ಅಪ್ಪ. ಗಂಟೆಗಟ್ಟಲೆ ಬೀಸಿದರೆ ಒಂದು ಹಿಡಿ.

ಅವಳು ಉಗುಳುವ ಪಾತ್ರೆಯ ಕಡೆ ಬಾಗಲಿಲ್ಲ. ನುಂಗಿದಳು.

"ಮೊದಲನೇದು" ಎಂದಳು.

ಮೂಗಪ್ಪ ಗೀಟಿನ ಮೇಲೆ ಬಗ್ಗಿದ. "ಈ ಬಾಲ?"

"ರುಚಿ ನೋಡು."

"ನೋಡ್ದೆ. ರುಚಿ ಮೊದಲನೇದೇ. ಆದ್ರೆ ಬಾಲ ಇರೋದಕ್ಕೆ ಮೊದಲನೇದು ಇಲ್ಲ ಅಂತ ವರ್ಷ ವರ್ಷ ನನ್ನ ಬಾಯಿ ಮುಚ್ಚಿಸಿದೋಳು ನೀನೇ."

"ಈ ವರ್ಷ ನಾನೇ ಹೇಳ್ತಿದೀನಿ. ಬರ್ಕೋ."

ಮೂಗಪ್ಪ ಅವಳ ಮುಖ ನೋಡಿದ. ಹನ್ನೆರಡು ವರ್ಷ ಎದುರು ನಿಂತವನಿಗೆ ಬಾಲ ಯಾರದೆಂದು ತಿಳಿಯದೆ ಇರಲಿಲ್ಲ. ಸಹಿ ಹಾಕಿದ.

ಷರಾದಲ್ಲಿ ಅವಳು ಬರೆದಳು: 'ನೆರಳು. ಕೈ. ತಾಳ್ಮೆ.' ಕೊನೆಯ ಪದದ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು. ಹನ್ನೊಂದು ವರ್ಷದ ಹಿಂದೆ ಆತುರ ಎಂದು ಬರೆದ ಕೈಯೇ ಇದನ್ನೂ ಬರೆಯಿತೆಂದು ಅಕ್ಕನಿಗೆ ಗೊತ್ತಾಗುತ್ತದೆ. ಗೊತ್ತಾಗಲಿ. ಚೀಟಿ ಓದಿದ ಮೇಲೆ ಒಂದು ಫೋನು ಬಂದೀತು. ಬರದಿದ್ದರೆ ತಾನೇ ಮಾಡಿಯಾಳು. ಮೊದಲ ಮಾತು ಏನೆಂದು ಹದಿನೆಂಟನೆಯ ಬಟ್ಟಲಿನಿಂದ ಮೂವತ್ತನೆಯದರವರೆಗೂ ಯೋಚಿಸುತ್ತಲೇ ಕೆಲಸ ಮಾಡಿದಳು.

ಮೂವತ್ತೊಂದನೆಯದು ಅವಳ ಗುಂಗು ಕೆಡಿಸಿತು. ಪುಡಿ ಹಸಿರಾಗಿತ್ತು, ನುಣ್ಣಗೂ ಇತ್ತು, ಗೀಟು ಕೊನೆಯವರೆಗೂ ಒಂದೇ ಸಮ. ಬಿಸಿನೀರು ಬಿದ್ದ ಕೂಡಲೆ ಬಣ್ಣ ಹಳದಿಗೆ ತಿರುಗಿತು, ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಎದ್ದಿತು. ಉಕ್ಕಿನ ಯಂತ್ರದಲ್ಲಿ ಬಿಸಿಯಾಗಿ ಸತ್ತ ಪುಡಿ. ಅವಳಿಗೆ ಸಿಟ್ಟು ಬಂದದ್ದು ಕೆಟ್ಟ ಪುಡಿಗಲ್ಲ, ಎಲೆ ಒಳ್ಳೆಯದಿತ್ತು.

"ಥೂ. ಇಂಥ ಎಲೆ ಬೆಳೆಸಿ ಯಂತ್ರದ ಬಾಯಿಗೆ ಹಾಕೋರಿಗೆ ಏನನ್ಬೇಕು? ಹಾಲು ಕರೆದು ಚರಂಡಿಗೆ ಸುರಿದ ಹಾಗೆ."

"ಏನಾದ್ರೂ ಕಷ್ಟ ಇರ್ಬಹುದು, ಪಾಪ."

"ಕಷ್ಟ ಬಟ್ಟಲಲ್ಲಿ ಕಾಣಲ್ಲ. ಅಡುಗೆಗೆ ಹಾಕು."

ಷರಾದಲ್ಲಿ ಬರೆದಳು: 'ಯಂತ್ರ. ಬಿಸಿ. ಆತುರ.'

ಮರುದಿನ ಬೆಳಿಗ್ಗೆ ಚೀಟಿಯಮ್ಮ ಕನ್ನಡಕ ಏರಿಸಿ, ಕೊರಳಿನ ಬೀಗದಕೈ ಬಿಚ್ಚದೆ ಹಾಗೇ ಬಗ್ಗಿ ಬೀರು ತೆಗೆದು, ಲಕೋಟೆ ಒಡೆದಳು. ಸಂಖ್ಯೆ ಓದುವುದು, ಬೆಳೆಗಾರ ಯಾರೆಂದು ಹೇಳುವುದು, ದರ್ಜೆಯ ಕಾಗದಕ್ಕೆ ಅವನ ಚೀಟಿ ಪಿನ್ನು ಮಾಡುವುದು. ಆಕೆಯ ವರ್ಷದ ದೊಡ್ಡ ದಿನ ಇದೇ. ಮೆಣಸಿನಕಾಯಿ ಬಾಗಿಲಿಗೆ ಒರಗಿ, ಕೇಳಿಸಿಕೊಳ್ಳದವಳ ಹಾಗೆ ಕೇಳಿಸಿಕೊಳ್ಳುತ್ತ ನಿಂತಿದ್ದಳು.

"ಹದಿನೇಳು. ಸೈಕಲ್ ರಿಪೇರಿಯವನು. ಹೊಸಬ, ಹೋದ ವರ್ಷ ಸಂಘಕ್ಕೆ ಸೇರಿದ್ದು. ಮೊದಲನೇ ದರ್ಜೆ. ಭೇಷ್."

"ಯಾರು?"

"ಸೈಕಲ್ ರಿಪೇರಿಯವನು ಕಣೇ. ನಿಮ್ಮಕ್ಕನ ತೋಟದ ಬೇಲಿ ಪಕ್ಕದವನು."

"ಸರಿಯಾಗಿ ಓದಿ."

"ನನ್ನ ಕಣ್ಣಿಗೆ ಪೊರೆ ಬಂದಿರಬಹುದು, ಕನ್ನಡಕಕ್ಕೆ ಬಂದಿಲ್ಲ. ತಗೋ, ನೀನೇ ಓದು."

ಅವಳು ಓದಿದಳು. ಆಮೇಲೆ, ಬಾಯಿಬಿಟ್ಟು ಕೇಳಲಾರದ ಅಕ್ಕನ ಸಂಖ್ಯೆಗಾಗಿ ಕಾದಳು. ಚೀಟಿಯಮ್ಮ ಇಪ್ಪತ್ತು ದಾಟಿದಳು, ಮೂವತ್ತು ದಾಟಿದಳು.

"ಮೂವತ್ತೊಂದು" ಎಂದು ಓದಿ ಚೀಟಿಯಮ್ಮ ನಿಲ್ಲಿಸಿದಳು. ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಹೆಸರು ಹೇಳದೆ, ಎರಡು ಕಾಗದಕ್ಕೂ ಪಿನ್ನು ಹಾಕಿ ಪಕ್ಕಕ್ಕಿಟ್ಟಳು.

ಅವಳು ಕೋಣೆಗೆ ಹೋದಳು. ಹಿಂದಿನ ದಿನದ ಗೀಟುಗಳ ಕಾಗದ ಇನ್ನೂ ಮೇಜಿನ ಮೇಲಿತ್ತು. ಹಸಿರು ಆಗಲೇ ಒಂದು ಬಣ್ಣ ಇಳಿದಿತ್ತು. ಗಾಳಿಗೆ ತೆರೆದಿಟ್ಟರೆ ಮಾಚಾ ಒಂದು ದಿನವೂ ತಡೆಯದು. ಹದಿನೇಳರ ಬಾಲ ಅಲ್ಲೇ ಇತ್ತು. ಕಲ್ಲನ್ನು ಗುರುತಿಸಿದ್ದೆ, ಅಷ್ಟೇ. ಕೈಯನ್ನಲ್ಲ.

ಮೂಗಪ್ಪ ಬಂದಾಗ ಅವಳು ಮೂವತ್ತೊಂದರ ಡಬ್ಬ ತೆಗೆದು ಮತ್ತೆ ನೀರು ಕುದಿಸುತ್ತಿದ್ದಳು.

"ನೋಡು, ಲಕೋಟೆ ಒಡೆದ ಮೇಲೆ ದರ್ಜೆ ಏರಿಸೋಕಾಗಲ್ಲ" ಎಂದ ಅವನು ಮೆಲ್ಲಗೆ. "ಇಳಿಸ್ಬಹುದು, ಇಬ್ಬರೂ ಸಹಿ ಹಾಕಿದ್ರೆ. ಏರಿಸೋಕಾಗಲ್ಲ."

"ಗೊತ್ತು. ನಿಯಮ ಬರೆಸಿದ್ದೇ ನಾನು."

"ಮತ್ತೆ?"

"ನಾನು ಸರಿಯಾಗಿ ನೋಡಿದ್ನೋ ಇಲ್ವೋ, ಅಷ್ಟು ಗೊತ್ತಾಗ್ಬೇಕು."

ಕಡೆದಳು. ಕುಡಿದಳು. ಯಾರದೆಂದು ಗೊತ್ತಿದ್ದು ಕುಡಿದಳು, ಕಣ್ಣು ಮುಚ್ಚಿ ಕುಡಿದಳು. ಅದೇ ಹಳದಿ, ಅದೇ ಇಸ್ತ್ರಿಯ ವಾಸನೆ. ಮೂರನೆಯದೇ. ನಾಲಿಗೆ ಒಂದು ಕೂದಲೆಳೆಯಷ್ಟಾದರೂ ಸುಳ್ಳು ಹೇಳಬಾರದೇ ಎಂದು ಕಾದಳು; ಹೇಳಲಿಲ್ಲ.

"ಹದಿನೇಳರ ಕಾಗದ ತಾ" ಎಂದಳು. "ಎರಡನೇದಕ್ಕೆ ಇಳಿಸು. ಬಾಲ ಇದೆ. ನಿನ್ನೆ ನಾನು ಮನಸಾರೆ ಕಳ್ಳ ಕೆಲಸ ಮಾಡ್ದೆ."

"ಪಾಪ, ಆ ಸೈಕಲ್ನೋನು ಏನು ಮಾಡಿದ್ದ?"

"ಅವನೇನೂ ಮಾಡಿಲ್ಲ. ಷರಾ ಇರ್ಲಿ, ಅದು ನಿಜ. ದರ್ಜೆ ಇಳಿಸು."

ಮೂಗಪ್ಪ ಸಹಿ ಹಾಕಿದ. "ಮೆಣಸಿನಕಾಯಿ, ಒಂದು ಮಾತು ಹೇಳ್ಲಾ? ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಅಂತಾರೆ. ಮೂಗಿನ ವಿಷಯ ನನಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ಇವತ್ತೇ ಫೋನು ಮಾಡು."

"ಏನಂತ ಮಾಡ್ಲಿ? ಎರಡನೇ ಸಲವೂ ಆತುರ ಅಂತ ಬರೆದಿದೀನಿ, ಚೀಟಿ ಬರುತ್ತೆ ಅಂತನಾ?"

ಅವನು ಹದಿನೇಳರ ಕಾಗದ ಎತ್ತಿಕೊಂಡು ಚೀಟಿಯಮ್ಮನ ಹತ್ತಿರ ಹೋದ.

ಮಧ್ಯಾಹ್ನ ಬೆಳೆಗಾರರು ಚೀಟಿ ತೆಗೆದುಕೊಳ್ಳಲು ಕೆಳಗಿನ ಅಂಗಳದಲ್ಲಿ ಸೇರಿದರು. ಅವಳು ಕೋಣೆಯಿಂದ ಇಳಿಯಲಿಲ್ಲ. ಬಟ್ಟಲು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಅಕ್ಕ ಯಾವತ್ತೂ ಬರುವವಳಲ್ಲ, ಚೀಟಿ ಅಂಚೆಯಲ್ಲಿ ಹೋಗುತ್ತಿತ್ತು. ಹಾಗಾಗಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಚೀಟಿಯಮ್ಮನೇ ಎಂದುಕೊಂಡಳು.

"ಒಳಗೆ ಬರ್ಬಹುದಾ, ಇಲ್ಲಾ ಅದಕ್ಕೂ ದರ್ಜೆ ಬೇಕಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಬಲಗೈ ಮೈಗೆ ಅಂಟಿಕೊಂಡಂತೆ ಇಳಿಬಿದ್ದಿತ್ತು, ಎಡಗೈಯಲ್ಲಿ ಚೀಟಿ.

"ಬಾ" ಎಂದಳು ಇವಳು. ಹದಿಮೂರು ಬಟ್ಟಲಿನುದ್ದ ಯೋಚಿಸಿದ್ದ ಮೊದಲ ಮಾತು ಇದಾಗಿರಲಿಲ್ಲ. "ಕೈಗೆ ಏನಾಯ್ತು?"

"ಭುಜ ಹಿಡ್ಕೊಂಡಿದೆ. ಇಷ್ಟೇ ಏಳೋದು." ಅಕ್ಕ ಕೈಯೆತ್ತಿ ತೋರಿಸಿದಳು; ಎದೆಯವರೆಗೂ ಬರಲಿಲ್ಲ. "ಹೋದ ವರ್ಷ ಬೀಸಿದ್ದೇ ಕೊನೇದು. ಕಲ್ಲನ್ನ ಪಕ್ಕದವನಿಗೆ ಕೊಟ್ಬಿಟ್ಟೆ. ಅಪ್ಪನ ಕಲ್ಲು, ಅರ್ಧ ನಿಂದು. ಕಾಗದದಲ್ಲಿ ಬರೆಯೋ ವಿಷಯ ಅಲ್ಲ. ಅದಕ್ಕೇ ಬಂದೆ."

"ನಿನ್ನ ಎಲೆಯನ್ನೂ ಅವನ ಹತ್ರ ಬೀಸಿಸ್ಬಹುದಿತ್ತಲ್ಲ."

"ಕೊಟ್ಟ ಕಲ್ಲನ್ನ ಮತ್ತೆ ಕೇಳ್ಲಾ? ಅವನಿಗೆ ಅವನ ಎಲೆ ಬೀಸೋಕೇ ದಿನ ಸಾಲ್ತಿರ್ಲಿಲ್ಲ. ಬೀಸೋಕೆ ಕೂತ್ರೆ ಸೈಕಲ್ ಪೆಡಲು ತುಳಿದ ಹಾಗೆ ತಿರುಗಿಸೋನು. ಎರಡು ತಿಂಗಳು ಪಕ್ಕದಲ್ಲಿ ಕೂತು ಬೈದಿದೀನಿ. ಒಂದು ಉಸಿರಿಗೆ ಒಂದು ಸುತ್ತು, ಒಂದು ಉಸಿರಿಗೆ ಒಂದು ಸುತ್ತು ಅಂತ. ಅವನ ಚೀಟಿ ಕೆಳಗೆ ನೋಡ್ದೆ. ತಾಳ್ಮೆ ಅಂತ ಬರೆದಿದೀಯ."

"ಹೂಂ."

"ಮೊದಲನೇದು ಹೊಡೆದು ಎರಡನೇದು ಮಾಡಿದೀಯ."

"ಬಾಲ ಇತ್ತು."

ಅಕ್ಕ ಮೇಜಿನ ಹತ್ತಿರ ಬಂದಳು. ಗೀಟಿನ ಕಾಗದಗಳ ಮೇಲೆ ಕಣ್ಣಾಡಿಸಿದಳು. ಯಾರೂ ಹೇಳದೆ ಹದಿನೇಳರ ಮೇಲೆ ನಿಂತು, ಬಾಲದ ಪಕ್ಕ ಬೆರಳಿಟ್ಟಳು.

"ಇದನ್ನ ನೋಡೇ ಅಲ್ವಾ ವರ್ಷ ವರ್ಷ ಗುರುತು ಹಿಡೀತಿದ್ದದ್ದು?"

ಇವಳು ಒರೆಸುವ ಬಟ್ಟೆಗೆ ಕೈಹಾಕಿದಳು.

"ಕಲ್ಲುಕುಟಿಗ ಎರಡು ಸಲ ಬಂದಿದ್ದ, ಅಂಚು ಸರಿಮಾಡ್ತೀನಿ ಅಂತ" ಎಂದಳು ಅಕ್ಕ. "ವಾಪಸ್ ಕಳಿಸ್ದೆ."

ಕಿಟಕಿಯ ಹೊರಗೆ ಯಾರೋ ಗಾಡಿಗೆ ಡಬ್ಬ ಏರಿಸುತ್ತಿದ್ದರು. ಇವಳು ತೊಳೆದ ಬಟ್ಟಲನ್ನು ಒರೆಸತೊಡಗಿದಳು. ಬಟ್ಟೆ ಒದ್ದೆಯಾಗಿತ್ತು, ಬಟ್ಟಲು ಒಣಗಲಿಲ್ಲ.

"ಮೂವತ್ತೊಂದನ್ನ ಇವತ್ತು ಬೆಳಿಗ್ಗೆ ಇನ್ನೊಂದು ಸಲ ನೋಡ್ದೆ" ಎಂದಳು. "ನಿಂದು ಅಂತ ಗೊತ್ತಿದ್ದು ನೋಡ್ದೆ."

"ಎಷ್ಟನೇದು ಬಂತು?"

"ಮೂರನೇದೇ."

"ಮೂರನೇದೇ ಅದು. ನನಗೆ ನಾಲಿಗೆ ಇಲ್ವಾ? ಡಬ್ಬಕ್ಕೆ ತುಂಬೋವಾಗ್ಲೇ ಗೊತ್ತಿತ್ತು."

"ಮತ್ತೆ ಯಾಕೆ ಕಳಿಸ್ದೆ?" ಇವಳ ದನಿ ಏರಿತು. "ಇಂಥಾದ್ದು ಯಾಕೆ ಕಳಿಸ್ಬೇಕಿತ್ತು? ನನ್ನ ಕೈಲಿ ಮತ್ತೆ ಅದೇ ಮಾತು ಬರೆಸೋಕಾ?"

"ಕಳಿಸ್ದೆ ಇದ್ರೆ ನಾನು ಸತ್ತೆ ಅಂತ ನೀನು ತಿಳ್ಕೊಳ್ತಿದ್ದೆ, ಪುಟ್ಟಿ."

ಬಾಗಿಲ ಹೊರಗೆ ಮೂಗಪ್ಪ ಕೆಮ್ಮಿದ. "ಪುಟ್ಟಿ ಅಂತೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಅವನ ಹೆಜ್ಜೆ ಮೆಟ್ಟಿಲಿಳಿಯಿತು.

ಇವಳು ಬಟ್ಟಲು ಕೆಳಗಿಟ್ಟಳು. ಮೂವತ್ತೊಂದರ ಡಬ್ಬ ಮೇಜಿನ ತುದಿಯಲ್ಲಿತ್ತು. ಅದರ ಮುಚ್ಚಳ ತೆಗೆದು, ಪುಡಿಯನ್ನು ಎರಡು ಬಟ್ಟಲಿಗೆ ಸಣ್ಣ ಜರಡಿ ಹಿಡಿದಳು, ಮನೆಯಲ್ಲಿ ಮಾಡುತ್ತಿದ್ದ ಹಾಗೆ. ಪರೀಕ್ಷೆಗೆ ಹೀಗೆ ಜರಡಿ ಹಿಡಿಯುವುದಿಲ್ಲ. ಕೆಟಲಿನಲ್ಲಿ ನೀರು ಕುದಿಯಿತು. ಅಭ್ಯಾಸಬಲದಿಂದ ಅವಳ ಕೈ ಕೆಟಲ್ ಎತ್ತಿತು.

"ಇಡು" ಎಂದಳು ಅಕ್ಕ. "ಸ್ವಲ್ಪ ಆರಲಿ."

ಇವಳು ಇಟ್ಟಳು. ಆ ಕೋಣೆಯಲ್ಲಿ ಪರೀಕ್ಷಕರು ನಿಂತೇ ಕೆಲಸ ಮಾಡುವುದರಿಂದ ಒಂದೇ ಒಂದು ಕುರ್ಚಿ ಇತ್ತು, ಪುಸ್ತಕಗಳನ್ನು ಇಡಲು. ಪುಸ್ತಕ ತೆಗೆದು ಅದನ್ನು ಅಕ್ಕನ ಕಡೆ ತಳ್ಳಿ, ತಾನು ಡಬ್ಬದ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಕೂತಳು. ಕೆಟಲಿನ ಮುಚ್ಚಳ ತೆಗೆದಿಟ್ಟಳು. ಹಬೆ ಎದ್ದು ಕಿಟಕಿಯ ಗಾಜಿಗೆ ಹತ್ತಿ, ಗಾಜಿನ ಆಚೆಯ ಗಾಡಿ, ಅಂಗಳ, ಜನ ಎಲ್ಲ ಮಸುಕಾದವು.

ಅಕ್ಕ ಎಡಗೈಯಿಂದ ಕಡೆಗೋಲು ಎತ್ತಿ, ಅದರ ಎಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸರಿಮಾಡತೊಡಗಿದಳು. ಇಬ್ಬರೂ ಕೆಟಲನ್ನು ನೋಡುತ್ತ ಕೂತರು. ಹಬೆ ದಪ್ಪಗೆ ಬರುತ್ತಿದ್ದದ್ದು ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು.

"ಈಗ?" ಎಂದಳು ಇವಳು.

"ಇನ್ನೂ ಸ್ವಲ್ಪ" ಎಂದಳು ಅಕ್ಕ.